ಮಕ್ಕಳೂ ಗಣಿತದ ಪಂದ್ಯಗಳೂ

ಗಣಿತಕ್ಕೂ ಪಂದ್ಯಕ್ಕೂ ಏನು ಸಂಬಂಧವೆಂದು ಹತ್ತು ವರ್ಷಗಳ ಹಿಂದೆ ಯಾರಾದರೂ ನನ್ನನ್ನು ಕೇಳಿದ್ದರೆ, ಧ್ಯಾನಕ್ಕೂ ಓಟಕ್ಕೂ ಇರುವಷ್ಟು ಎಂದು ಥಟ್ಟನೆ ಹೇಳಿಬಿಡುತ್ತಿದ್ದೆ. ಹಾಗೆ ಥಟ್ಟನೆ ಹೇಳಿಬಿಡುವ ಅಭ್ಯಾಸ ಗಣಿತದ ಮೇಷ್ಟರುಗಳಿಗೆ ಇರಬಾರದು, ಆದರೆ ಇರುತ್ತದೆ. ಮೂವತ್ತೆರಡು ವರ್ಷ ಒಂದು ತಾಲ್ಲೂಕು ಊರಿನ ಶಾಲೆಯಲ್ಲಿ ಐದು, ಆರು, ಏಳನೆಯ ತರಗತಿಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು ನಾನು. ನನ್ನ ಈ ದೃಢಾಭಿಪ್ರಾಯ ಸ್ವಲ್ಪ ಸಡಿಲವಾದದ್ದು ನನ್ನ ಊರಿನಿಂದ ಬಹು ದೂರದಲ್ಲಿ, ಒಂದು ಪರದೇಶದ ಕಾಲೇಜಿನ ಉಪಾಹಾರ ಗೃಹದಲ್ಲಿ. ಆ ಪ್ರಸಂಗವನ್ನೂ ಅದರಿಂದ ನಾನು ಕಲಿತದ್ದನ್ನೂ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ನನ್ನ ಮಗಳ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. 2023ರ ಫೆಬ್ರವರಿಯಲ್ಲಿ ನಾನು ಅಲ್ಲಿದ್ದೆ. ಒಂದು ಶನಿವಾರ ಬೆಳಿಗ್ಗೆ, ಕೊರೆಯುವ ಚಳಿಯಲ್ಲಿ, ಏಳನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳನ್ನು ಕರೆದುಕೊಂಡು ಮನೆಮಂದಿಯೆಲ್ಲ ಒಂದು ಕಾಲೇಜಿಗೆ ಹೋದೆವು. ಸುತ್ತಮುತ್ತಲ ಹತ್ತಾರು ಶಾಲೆಗಳ ಮಕ್ಕಳು ಅಲ್ಲಿ ನೆರೆದಿದ್ದರು. ಕೈಯಲ್ಲಿ ಎರಡೆರಡು ಪೆನ್ಸಿಲು, ಒಂದು ಗಣಕಯಂತ್ರ, ಜೇಬಿನಲ್ಲಿ ತಿಂಡಿಯ ಪೊಟ್ಟಣ. ಮಕ್ಕಳು ಒಳಗೆ ಹೋದ ಮೇಲೆ ತಂದೆತಾಯಿಗಳೆಲ್ಲ ಉಪಾಹಾರ ಗೃಹದಲ್ಲಿ ಕುಳಿತರು. ಚೀನೀ, ತೆಲುಗು, ತಮಿಳು, ರಷ್ಯನ್, ಇಂಗ್ಲಿಷ್, ಎಲ್ಲ ಭಾಷೆಗಳೂ ಅಲ್ಲಿ ಕೇಳಿಬರುತ್ತಿದ್ದವು. ಎಲ್ಲ ಭಾಷೆಗಳಲ್ಲಿಯೂ ಆತಂಕ ಒಂದೇ ಆಗಿತ್ತು. ಹೆರಿಗೆ ಕೋಣೆಯ ಹೊರಗೆ ಕುಳಿತ ಬಂಧುಗಳ ನೆನಪು ನನಗಾಯಿತು.

ಆ ಪಂದ್ಯದ ಹೆಸರು ಮ್ಯಾತ್‌ಕೌಂಟ್ಸ್. ಆ ದೇಶದ ವೃತ್ತಿನಿರತ ಎಂಜಿನಿಯರುಗಳ ರಾಷ್ಟ್ರೀಯ ಸಂಘ, ಗಣಿತದ ಉಪಾಧ್ಯಾಯರ ರಾಷ್ಟ್ರೀಯ ಮಂಡಲಿ ಮತ್ತು ಒಂದು ವಿಮಾ ಸಂಸ್ಥೆಯ ಪ್ರತಿಷ್ಠಾನ, ಈ ಮೂರೂ ಸೇರಿ 1983ರಲ್ಲಿ ಅದನ್ನು ಸ್ಥಾಪಿಸಿದವು. ಮರುವರ್ಷ ಮೊದಲ ರಾಷ್ಟ್ರಮಟ್ಟದ ಪಂದ್ಯ ನಡೆಯಿತು. ಆರು, ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶ. ಮೊದಲು ಶಾಲೆಯಲ್ಲಿ, ಫೆಬ್ರವರಿಯಲ್ಲಿ ಪ್ರಾಂತದಲ್ಲಿ, ಮಾರ್ಚಿಯಲ್ಲಿ ರಾಜ್ಯದಲ್ಲಿ, ಮೇ ತಿಂಗಳಲ್ಲಿ ರಾಷ್ಟ್ರದಲ್ಲಿ, ಹೀಗೆ ನಾಲ್ಕು ಮೆಟ್ಟಿಲುಗಳು. ಐವತ್ತು ರಾಜ್ಯಗಳಿಂದಲೂ ಇತರ ಕೆಲವು ಪ್ರದೇಶಗಳಿಂದಲೂ ನಾಲ್ಕು ನಾಲ್ಕು ಮಕ್ಕಳಂತೆ ಒಟ್ಟು 224 ಮಂದಿ ಕೊನೆಯ ಮೆಟ್ಟಿಲನ್ನು ಮುಟ್ಟುತ್ತಾರೆ.

ಪಂದ್ಯದ ರಚನೆಯನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ನಮ್ಮ ಪರೀಕ್ಷೆಗಳಿಗಿಂತ ಅದು ಬೇರೆಯಾದದ್ದು. ಮೊದಲ ಸುತ್ತಿಗೆ ಸ್ಪ್ರಿಂಟ್ ಎಂದು ಹೆಸರು; ಅತಿವೇಗದ ಓಟವೆಂದು ಅರ್ಥ. ನಲವತ್ತು ನಿಮಿಷಗಳಲ್ಲಿ 30 ಲೆಕ್ಕಗಳು. ಅಂದರೆ ಒಂದು ಲೆಕ್ಕಕ್ಕೆ ಎಂಬತ್ತು ಸೆಕೆಂಡು. ಗಣಕಯಂತ್ರವನ್ನು ಮುಟ್ಟುವಂತಿಲ್ಲ. ಎರಡನೆಯದು ಟಾರ್ಗೆಟ್ ಸುತ್ತು. ಇಲ್ಲಿ ಎಂಟೇ ಲೆಕ್ಕಗಳು. ಎರಡೆರಡಾಗಿ ಕೊಡುತ್ತಾರೆ, ಪ್ರತಿ ಜೋಡಿಗೂ ಆರು ನಿಮಿಷ. ಗಣಕಯಂತ್ರಕ್ಕೆ ಇಲ್ಲಿ ಅನುಮತಿ ಉಂಟು. ಲೆಕ್ಕಗಳು ಅದಕ್ಕೆ ತಕ್ಕಂತೆ ಗಟ್ಟಿಯಾಗಿರುತ್ತವೆ. ಮೊದಲ ಸುತ್ತಿನ ಒಂದು ಲೆಕ್ಕಕ್ಕೆ ಒಂದು ಅಂಕ, ಎರಡನೆಯದರ ಒಂದಕ್ಕೆ ಎರಡು ಅಂಕ. ಎಲ್ಲವೂ ಸರಿಯಾದರೆ 46. ಮೂರನೆಯದು ತಂಡದ ಸುತ್ತು. ನಾಲ್ಕು ಮಕ್ಕಳು ಒಂದು ಮೇಜಿನ ಸುತ್ತ ಕುಳಿತು, ಇಪ್ಪತ್ತು ನಿಮಿಷಗಳಲ್ಲಿ ಹತ್ತು ಲೆಕ್ಕಗಳನ್ನು ಪರಸ್ಪರ ಮಾತಾಡಿಕೊಂಡು ಬಿಡಿಸಬೇಕು. ನಮ್ಮ ಶಾಲೆಗಳಲ್ಲಿ ಪಕ್ಕದವನೊಡನೆ ಮಾತಾಡಿ ಬರೆದರೆ ಅದಕ್ಕೆ ಬೇರೆ ಹೆಸರಿದೆ! ಅಲ್ಲಿ ಅದು ಪಂದ್ಯದ ಒಂದು ಅಂಗ. ನಾಲ್ಕನೆಯ ಸುತ್ತಿನ ವಿಷಯವನ್ನು ಆಮೇಲೆ ಹೇಳುತ್ತೇನೆ.

ಅದೇ ದೇಶದಲ್ಲಿ ಈ ವಯಸ್ಸಿನವರಿಗೆ ಇನ್ನೊಂದು ಹೆಸರಾಂತ ಪರೀಕ್ಷೆಯಿದೆ. ಎ. ಎಂ. ಸಿ. ಎಂಟು ಎಂದು ಅದನ್ನು ಕರೆಯುತ್ತಾರೆ. 1985ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾದದ್ದು. ಎಂಟನೆಯ ತರಗತಿ ಮತ್ತು ಅದಕ್ಕಿಂತ ಕೆಳಗಿನವರು ತಮ್ಮ ತಮ್ಮ ಶಾಲೆಯಲ್ಲಿಯೇ ಕುಳಿತು ನಲವತ್ತು ನಿಮಿಷಗಳಲ್ಲಿ 25 ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಕೊಟ್ಟ ಐದು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವುದಷ್ಟೇ ಕೆಲಸ. ತಪ್ಪಿದರೆ ಅಂಕ ಕಳೆಯುವುದಿಲ್ಲ. ಇದು ಒಂಟಿ ಪಯಣ, ಮ್ಯಾತ್‌ಕೌಂಟ್ಸ್ ಜಾತ್ರೆ.

ಈ ಎಲ್ಲ ಏರ್ಪಾಡು ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳಿಗೇ ಏಕೆ? ಆ ವಯಸ್ಸಿನ ಮಕ್ಕಳೊಡನೆ ಆಯುಷ್ಯ ಕಳೆದ ನನಗೆ ಇದರ ಉತ್ತರ ಸ್ವಲ್ಪಮಟ್ಟಿಗೆ ಗೊತ್ತು. ಅದುವರೆಗೆ ಲೆಕ್ಕವೆಂದರೆ ಉತ್ತರ. ಅಲ್ಲಿಂದ ಮುಂದೆ ಲೆಕ್ಕವೆಂದರೆ ಕಾರಣ. ಅಂಕಗಣಿತದ ಅಂಗಳದಿಂದ ಬೀಜಗಣಿತದ ಒಳಮನೆಗೆ ಹೋಗುವ ಹೊಸ್ತಿಲು ಅದು. ಆ ಹೊಸ್ತಿಲಲ್ಲಿ ಎಡವಿದವರು ಅನೇಕರು ಒಳಗೆ ಹೋಗುವುದೇ ಇಲ್ಲ. ಜೀವನವಿಡೀ ‘ನನಗೆ ಲೆಕ್ಕ ಬಾರದು’ ಎಂದು ನಗುತ್ತಾ ಹೇಳಿಕೊಂಡು ಹೊರಗೇ ಉಳಿಯುತ್ತಾರೆ. ಇದನ್ನು ಕೇಳುತ್ತಿರುವ ಸಾಹಿತ್ಯಪ್ರಿಯರಲ್ಲಿ ಅಂಥವರು ಕೆಲವರಾದರೂ ಇರಬಹುದು. ಅವರಿಗೆ ಅಂಜಿಕೆ ಬೇಡ; ನಾನು ಕಪ್ಪುಹಲಗೆಯ ಮುಂದೆ ಯಾರನ್ನೂ ಕರೆಯುವುದಿಲ್ಲ.

ಈ ಪಂದ್ಯಗಳ ಲೆಕ್ಕಗಳು ಎಂಥವು? ಬಾನುಲಿಯಲ್ಲಿ ಚಿತ್ರ ಬರೆದು ತೋರಿಸುವಂತಿಲ್ಲವಾದ್ದರಿಂದ ರೇಖಾಗಣಿತವನ್ನು ಬಿಟ್ಟು, ಕಿವಿಯಿಂದಲೇ ಹಿಡಿಯಬಹುದಾದ ಎರಡು ಮಾದರಿಗಳನ್ನು ಕೊಡುತ್ತೇನೆ. ಒಂದರಿಂದ ಮೂವತ್ತರವರೆಗಿನ ಎಲ್ಲ ಸಂಖ್ಯೆಗಳನ್ನೂ ಒಂದಕ್ಕೊಂದು ಗುಣಿಸಿದರೆ ಬರುವ ಗುಣಲಬ್ಧದ ಕೊನೆಯಲ್ಲಿ ಎಷ್ಟು ಸೊನ್ನೆಗಳಿರುತ್ತವೆ? ಗುಣಿಸಲು ಹೊರಟವನು ಸಂಜೆಯವರೆಗೆ ಗುಣಿಸುತ್ತಿರಬೇಕಾಗುತ್ತದೆ. ಆದರೆ ಸೊನ್ನೆ ಹುಟ್ಟುವುದು ಎಲ್ಲಿಂದ? ಒಂದು ಎರಡೂ ಒಂದು ಐದೂ ಕೂಡಿದಲ್ಲಿ. ಎರಡುಗಳಿಗೆ ಬರಗಾಲವಿಲ್ಲ, ಆದ್ದರಿಂದ ಐದುಗಳನ್ನು ಎಣಿಸಿದರೆ ಸಾಕು. ಐದು, ಹತ್ತು, ಹದಿನೈದು, ಇಪ್ಪತ್ತು, ಇಪ್ಪತ್ತೈದು, ಮೂವತ್ತು, ಇವು ಆರು. ಇಪ್ಪತ್ತೈದರೊಳಗೆ ಐದು ಎರಡು ಸಲ ಅಡಗಿದೆ, ಆದ್ದರಿಂದ ಏಳು. ಉತ್ತರ ಏಳು ಸೊನ್ನೆ.

ಇನ್ನೊಂದು. ಒಂದು ಕಬಡ್ಡಿ ಪಂದ್ಯಾವಳಿಗೆ 64 ತಂಡಗಳು ಬಂದಿವೆ. ಸೋತ ತಂಡ ಮನೆಗೆ ಹೋಗತಕ್ಕದ್ದು. ಕೊನೆಗೆ ಒಂದು ತಂಡ ಗೆದ್ದು ಉಳಿಯಬೇಕಾದರೆ ಒಟ್ಟು ಎಷ್ಟು ಆಟಗಳಾಗಬೇಕು? ಮೊದಲ ಸುತ್ತಿನಲ್ಲಿ ಮೂವತ್ತೆರಡು, ಆಮೇಲೆ ಹದಿನಾರು, ಎಂಟು, ನಾಲ್ಕು, ಎರಡು, ಒಂದು; ಕೂಡಿದರೆ ಅರವತ್ತಮೂರು. ಇದು ಸರಿಯಾದ ದಾರಿಯೇ. ಆದರೆ ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿದೆ. ಒಂದು ಆಟಕ್ಕೆ ಒಂದು ತಂಡ ಮನೆಗೆ ಹೋಗುತ್ತದೆ. ಒಂದು ಉಳಿಯಬೇಕಾದರೆ ಅರವತ್ತಮೂರು ಮನೆಗೆ ಹೋಗಬೇಕು. ಆದ್ದರಿಂದ ಅರವತ್ತಮೂರು ಆಟ. ಮುಗಿಯಿತು. ತಂಡಗಳು ಸಾವಿರವಿದ್ದರೂ, ಸುತ್ತುಗಳು ಅಡ್ಡಾದಿಡ್ಡಿಯಾಗಿದ್ದರೂ ಈ ದಾರಿ ಕೆಡುವುದಿಲ್ಲ. ಎಲ್ಲರ ಕಣ್ಣೂ ಗೆಲ್ಲುವವರ ಮೇಲಿರುವಾಗ ಇದು ಸೋಲುವವರನ್ನು ಎಣಿಸುತ್ತದೆ. ಈ ದಾರಿಯನ್ನು ನನಗೆ ಮೊದಲು ತೋರಿಸಿಕೊಟ್ಟ ಒಬ್ಬನ ವಿಷಯವನ್ನೂ ಆಮೇಲೆ ಹೇಳಬೇಕಾಗಿದೆ.

ಲೆಕ್ಕವನ್ನು ಕಥೆಯಾಗಿ, ಒಗಟಾಗಿ ಒಡ್ಡುವ ರೂಢಿ ನಮಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಬರೆದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದ. ಇನ್ನು ಕೂಲಿಮಠಗಳಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿ ಒಪ್ಪಿಸಿ ಬಾಯಿಲೆಕ್ಕದಲ್ಲಿ ಒಬ್ಬರನ್ನೊಬ್ಬರು ಸೋಲಿಸುತ್ತಿದ್ದ ಹಿರಿಯರನ್ನು ನಾನೇ ಕಂಡಿದ್ದೇನೆ. ಹಾಗಾಗಿ, ಲೆಕ್ಕದಲ್ಲಿ ಪಂದ್ಯ ಕಟ್ಟುವುದು ಅಮೆರಿಕದವರು ಕಂಡುಹಿಡಿದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ.

ಆಧುನಿಕ ರೀತಿಯ ಶಾಲಾ ಪಂದ್ಯಗಳ ತವರುಮನೆ ಹಂಗೇರಿ. ಅಲ್ಲಿನ ಗಣಿತ ಮತ್ತು ಭೌತವಿಜ್ಞಾನಗಳ ಸಂಘ 1894ರಲ್ಲಿ ಶಾಲೆ ಮುಗಿಸಿದ ವಿದ್ಯಾರ್ಥಿಗಳಿಗಾಗಿ ಒಂದು ಸ್ಪರ್ಧೆಯನ್ನು ಆರಂಭಿಸಿತು. ಭೌತವಿಜ್ಞಾನಿ ಅಯೊಟ್ವೊಷ್ ಅವರ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ಮೂರೇ ಲೆಕ್ಕ, ಯೋಚಿಸಲು ಗಂಟೆಗಟ್ಟಲೆ ಸಮಯ. ವಿಮಾನಶಾಸ್ತ್ರದ ಫಾನ್ ಕಾರ್ಮಾನ್, ಗಣಿತಜ್ಞ ಸೆಗೊ, ಭೌತವಿಜ್ಞಾನಿ ಟೆಲ್ಲರ್, ಇವರೆಲ್ಲ ಹುಡುಗರಾಗಿದ್ದಾಗ ಅದರಲ್ಲಿ ಗೆದ್ದವರು. ಅದೇ 1894ರಲ್ಲಿ ದಾನಿಯೆಲ್ ಅರಾನಿ ಎಂಬ ಒಬ್ಬ ಶಾಲಾ ಉಪಾಧ್ಯಾಯರು ವಿದ್ಯಾರ್ಥಿಗಳಿಗಾಗಿ ಒಂದು ಗಣಿತದ ಮಾಸಪತ್ರಿಕೆಯನ್ನು ತೆಗೆದರು. ಪ್ರತಿ ಸಂಚಿಕೆಯಲ್ಲಿ ಕೆಲವು ಲೆಕ್ಕಗಳು. ಮಕ್ಕಳು ಮನೆಯಲ್ಲಿ ಕುಳಿತು ಬಿಡಿಸಿ ಅಂಚೆಯಲ್ಲಿ ಕಳಿಸಬೇಕು. ಒಳ್ಳೆಯ ಪರಿಹಾರವನ್ನು ಬರೆದವರ ಹೆಸರಿನೊಡನೆ ಅಚ್ಚು ಮಾಡುತ್ತಿದ್ದರು. ಮೊದಲ ಕವಿತೆ ವಾರಪತ್ರಿಕೆಯಲ್ಲಿ ಅಚ್ಚಾದಾಗ ನಮಗೆಲ್ಲ ಆದ ಸಂಭ್ರಮ ಆ ಹಳ್ಳಿ ಪಟ್ಟಣಗಳ ಹುಡುಗರಿಗೂ ಆಗಿರಬೇಕು. ಅದೂ ಪಂದ್ಯವೇ, ಆದರೆ ಆ ಪಂದ್ಯದ ಗಡಿಯಾರಕ್ಕೆ ಸೆಕೆಂಡಿನ ಮುಳ್ಳು ಇರಲಿಲ್ಲ.

ಮುಂದಿನ ಕಥೆ ನಿಮಗೆ ಸ್ವಲ್ಪ ಗೊತ್ತಿರಬಹುದು. 1959ರಲ್ಲಿ ರುಮೇನಿಯದಲ್ಲಿ ಏಳು ದೇಶಗಳು ಸೇರಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡನ್ನು ಆರಂಭಿಸಿದವು. ಭಾರತ ಅದರಲ್ಲಿ ಮೊದಲು ಭಾಗವಹಿಸಿದ್ದು 1989ರಲ್ಲಿ. 1996ರಲ್ಲಿ ಅದು ಮುಂಬಯಿಯಲ್ಲಿಯೇ ನಡೆಯಿತು. ಆದರೆ ಅವೆಲ್ಲ ದೊಡ್ಡ ತರಗತಿಗಳ ಮಾತು. ಹಂಗೇರಿಯ ವಿಷಯ ಬಿಡುವ ಮುನ್ನ ಒಂದು ಸಣ್ಣ ಸಂಗತಿಯನ್ನು ಹೇಳಲೇಬೇಕು. ಲೆಕ್ಕ ಬಿಡಿಸುವುದು ಹೇಗೆಂಬ ವಿಷಯವಾಗಿಯೇ 1945ರಲ್ಲಿ ಲೋಕಪ್ರಸಿದ್ಧವಾದ ಒಂದು ಪುಸ್ತಕ ಬರೆದ ಜಾರ್ಜ್ ಪೋಲ್ಯ ಕೂಡ ಬುಡಾಪೆಸ್ಟಿನ ಹುಡುಗ. ಆತನೂ ಆ ಅಯೊಟ್ವೊಷ್ ಸ್ಪರ್ಧೆಗೆ ಹೋಗಿ ಕುಳಿತ. ಆದರೆ ಉತ್ತರಪತ್ರಿಕೆಯನ್ನು ಒಪ್ಪಿಸದೆ ಎದ್ದುಬಂದ. ಲೋಕಕ್ಕೆ ಲೆಕ್ಕ ಬಿಡಿಸುವ ದಾರಿ ತೋರಿಸಿದವರ ಹೆಸರು ಆ ವರ್ಷದ ಬಹುಮಾನಿತರ ಪಟ್ಟಿಯಲ್ಲಿಲ್ಲ.

ಮತ್ತೆ ನ್ಯೂಜೆರ್ಸಿಯ ಆ ಶನಿವಾರಕ್ಕೆ ಬರೋಣ. ಮಧ್ಯಾಹ್ನ ನಮ್ಮನ್ನೆಲ್ಲ ಒಂದು ಸಭಾಂಗಣಕ್ಕೆ ಕರೆದರು. ನಾನು ಆಮೇಲೆ ಹೇಳುತ್ತೇನೆಂದ ನಾಲ್ಕನೆಯ ಸುತ್ತು ಇದೇ. ಕೌಂಟ್‌ಡೌನ್ ಎಂದು ಇದರ ಹೆಸರು. ಲಿಖಿತ ಸುತ್ತುಗಳಲ್ಲಿ ಮುಂದೆ ಬಂದ ಕೆಲವು ಮಕ್ಕಳನ್ನು ವೇದಿಕೆಗೆ ಕರೆಯುತ್ತಾರೆ. ಇಬ್ಬಿಬ್ಬರನ್ನು ಅಕ್ಕಪಕ್ಕ ಕೂರಿಸಿ, ಪರದೆಯ ಮೇಲೆ ಒಂದು ಲೆಕ್ಕವನ್ನು ತೋರಿಸುತ್ತಾರೆ. ಹೆಚ್ಚೆಂದರೆ ನಲವತ್ತೈದು ಸೆಕೆಂಡು. ಯಾರು ಮೊದಲು ಗುಂಡಿ ಒತ್ತಿ ಸರಿಯುತ್ತರ ಹೇಳುತ್ತಾರೋ ಅವರಿಗೆ ಅಂಕ. ಎಷ್ಟೋ ಲೆಕ್ಕಗಳಿಗೆ ಮಕ್ಕಳು ನಲವತ್ತೈದರವರೆಗೆ ಕಾಯಲೇ ಇಲ್ಲ. ನಾನು ಪ್ರಶ್ನೆಯನ್ನು ಓದಿ ಮುಗಿಸುವ ಮೊದಲೇ ಗುಂಡಿಯ ಸದ್ದು ಕೇಳಿಸುತ್ತಿತ್ತು. ಸಭೆ ಚಪ್ಪಾಳೆ ತಟ್ಟುತ್ತಿತ್ತು, ನಾನೂ ತಟ್ಟಿದೆ. ಆ ವಯಸ್ಸಿನ ಬುದ್ಧಿಯ ಚುರುಕನ್ನು ನೋಡಿ ಸಂತೋಷಪಡದವನು ಮೇಷ್ಟರಾಗಿರಲಾರ.

ಆದರೆ ಒಬ್ಬ ಹುಡುಗ ನನ್ನ ಕಣ್ಣಲ್ಲಿ ನಿಂತುಬಿಟ್ಟ. ಅವನ ಜೊತೆಗಾರ ಗುಂಡಿ ಒತ್ತಿ ಗೆದ್ದ ಮೇಲೂ ಅವನು ತಲೆ ಬಗ್ಗಿಸಿ ಅದೇ ಲೆಕ್ಕವನ್ನು ಬರೆಯುತ್ತಿದ್ದ. ಮುಂದಿನ ಪ್ರಶ್ನೆ ಪರದೆಯ ಮೇಲೆ ಬಂದದ್ದು ಅವನಿಗೆ ಕಾಣಲಿಲ್ಲ. ಅದರಿಂದ ಆ ಪ್ರಶ್ನೆಯನ್ನೂ ಸೋತ. ಅವನನ್ನು ನೋಡುತ್ತಿದ್ದಂತೆ ನನಗೆ ನಲವತ್ತು ವರ್ಷಗಳಿಗೂ ಹಿಂದಿನ ಇನ್ನೊಬ್ಬ ಹುಡುಗನ ನೆನಪಾಯಿತು.

ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ತಾಲ್ಲೂಕು ಮಟ್ಟದಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಒಂದು ಗಣಿತ ಸ್ಪರ್ಧೆ ಏರ್ಪಾಟಾಯಿತು. ನಮ್ಮ ಶಾಲೆಯಿಂದ ಇಬ್ಬರನ್ನು ಆರಿಸಬೇಕಾಗಿತ್ತು. ಧ್ಯಾನದ ಮಾತು ಬಾಯಲ್ಲಿಯೇ ಉಳಿಯಿತು. ನಾನು ಮಾಡಿದ್ದು ಓಟ. ಹತ್ತು ಬಾಯಿಲೆಕ್ಕ ಕೇಳಿದೆ. ಮೊದಲು ಕೈಯೆತ್ತಿ ಸರಿಯುತ್ತರ ಹೇಳಿದವರಿಗೆ ಅಂಕ ಕೊಟ್ಟೆ. ಅದರಲ್ಲೊಂದು ನಾನು ಆಗಲೇ ಹೇಳಿದ ಕಬಡ್ಡಿಯ ಲೆಕ್ಕ. ಇಬ್ಬರು ಹುಡುಗರು ಮೂವತ್ತೆರಡು, ಹದಿನಾರು, ಎಂಟು ಎಂದು ಸರಸರನೆ ಕೂಡಿ ಹೇಳಿಬಿಟ್ಟರು. ಅವರನ್ನೇ ಆರಿಸಿದೆ. ಗಂಟೆ ಹೊಡೆದು, ನಾನು ಪುಸ್ತಕ ಎತ್ತಿಕೊಂಡು ಹೊರಡುವಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, ‘ಸಾರ್, ಅರವತ್ತಮೂರು ತಂಡ ಮನೆಗೆ ಹೋಗಬೇಕು, ಅದಕ್ಕೆ ಅರವತ್ತಮೂರು ಆಟ’ ಎಂದ. ನನಗೇ ಹೊಳೆಯದಿದ್ದ ದಾರಿ ಅದು. ನಾನು ಏನು ಹೇಳಿದೆ ಗೊತ್ತೇ? ‘ಉತ್ತರ ಸರಿಯಪ್ಪ, ಆದರೆ ಗಂಟೆ ಹೊಡೆದಾಯಿತಲ್ಲ’ ಎಂದೆ. ತರಗತಿ ಗೊಳ್ಳೆಂದಿತು. ಅವನೂ ನಕ್ಕು ಕುಳಿತ. ಆ ವರ್ಷದ ಉಳಿದ ತಿಂಗಳುಗಳಲ್ಲಿ ಅವನು ಮತ್ತೆ ಕೈಯೆತ್ತಿದ್ದು ನನಗೆ ನೆನಪಿಲ್ಲ. ಏಳನೆಯ ತರಗತಿಯ ನಂತರ ಅವನ ಮನೆಯವರು ಊರು ಬಿಟ್ಟರು. ಕಬಡ್ಡಿಯ ಲೆಕ್ಕವನ್ನು ಮಾತ್ರ ನಾನು ಮುಂದಿನ ಮೂವತ್ತು ವರ್ಷ ಅವನ ದಾರಿಯಲ್ಲಿಯೇ ಹೇಳಿಕೊಟ್ಟೆ.

ನನ್ನ ಮೊಮ್ಮಗಳು ವೇದಿಕೆಗೆ ಹೋಗಲಿಲ್ಲ. ಅಷ್ಟು ಅಂಕಗಳು ಅವಳಿಗೆ ಬರಲಿಲ್ಲ, ರಾಜ್ಯಮಟ್ಟಕ್ಕೂ ಆಯ್ಕೆಯಾಗಲಿಲ್ಲ. ಕಾರಿನಲ್ಲಿ ಹಿಂದಿರುಗುವಾಗ ಅವಳು ಕಿಟಕಿಯ ಕಡೆ ತಿರುಗಿ ಅತ್ತಳು. ಅಳಿಯ, ಇನ್ನೊಂದು ತರಬೇತಿ ತರಗತಿಗೆ ಸೇರಿಸಿದ್ದರೆ ಚೆನ್ನಾಗಿತ್ತೇನೋ ಎಂದ. ಮಗಳು, ಇಷ್ಟು ಕಷ್ಟವಾದರೆ ಬಿಟ್ಟುಬಿಡಲಿ ಎಂದಳು. ಇಬ್ಬರದೂ ಪ್ರೀತಿಯ ಮಾತೇ. ಎರಡೂ ಅವಳಿಗೆ ಬೇಡವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು, ‘ತಾತ, ಒಂದು ಲೆಕ್ಕ ಬಿಡಿಸಲೇ ಆಗಲಿಲ್ಲ.’

ಆ ಲೆಕ್ಕ ಹೀಗೆ: ಹತ್ತು ಮೆಟ್ಟಿಲುಗಳಿವೆ. ಒಂದು ಹೆಜ್ಜೆಗೆ ಒಂದು ಮೆಟ್ಟಿಲನ್ನು ಏರಬಹುದು, ಇಲ್ಲವೆ ಎರಡು ಮೆಟ್ಟಿಲುಗಳನ್ನು ಒಟ್ಟಿಗೆ ಏರಬಹುದು. ಮೇಲಕ್ಕೆ ಹೋಗುವುದು ಎಷ್ಟು ವಿಧ? ನನಗೆ ಉತ್ತರ ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆ ಹಿಂದಿನ ಬೆಂಚಿನ ಹುಡುಗನ ಮುಖ ಆ ಮಧ್ಯಾಹ್ನವೇ ಕಣ್ಣ ಮುಂದೆ ಬಂದಿರದಿದ್ದರೆ ಖಂಡಿತ ಹೇಳಿಬಿಡುತ್ತಿದ್ದೆ. ‘ಇಂದೇ ಆಗಬೇಕೆಂದಿಲ್ಲ, ಲೆಕ್ಕ ಎಲ್ಲಿಗೂ ಓಡಿಹೋಗುವುದಿಲ್ಲ’ ಎಂದಷ್ಟೇ ಹೇಳಿದೆ.

ಭಾನುವಾರ ಅವಳು ಆ ಲೆಕ್ಕವನ್ನು ಮುಟ್ಟಲಿಲ್ಲ. ಸೋಮವಾರ ಒಂದು ಹಾಳೆಯ ಮೇಲೆ ಎರಡು ಮೆಟ್ಟಿಲಿಗೆ ಎರಡು ವಿಧ, ಮೂರಕ್ಕೆ ಮೂರು ಎಂದು ಬರೆದು ಬಿಟ್ಟಿದ್ದಳು. ಬುಧವಾರ ಸಂಜೆ ನಾನು ಕಂದಪದ್ಯವೊಂದಕ್ಕೆ ಪೆನ್ಸಿಲಿನಿಂದ ಪ್ರಸ್ತಾರ ಹಾಕುತ್ತಾ ಕುಳಿತಿದ್ದೆ. ಮುದುಕರ ಪದಬಂಧ ಅದು. ಅವಳಿಗೆ ಕನ್ನಡ ಓದಲು ಬಾರದು, ಮಾತು ಬರುತ್ತದೆ. ಈ ಗೆರೆ ಈ ಕೊಂಕು ಏನೆಂದು ಕೇಳಿದಳು. ಕೊಂಕು ಹಾಕಿದ್ದು ಲಘು, ಅದಕ್ಕೆ ಒಂದು ಮಾತ್ರೆ. ಗೆರೆ ಹಾಕಿದ್ದು ಗುರು, ಅದಕ್ಕೆ ಎರಡು. ನಾಲ್ಕು ಮಾತ್ರೆ ಸೇರಿದರೆ ಒಂದು ಗಣ ಎಂದೆ. ಮೇಜಿನ ಮೇಲೆ ತಟ್ಟಿ ತೋರಿಸಿದೆ. ಅಂಥ ಗಣ ಎಷ್ಟು ಬಗೆಯೆಂದು ಕೇಳಿದಳು. ಛಂದಸ್ಸು ಓದಿದ ನಿಮಗೆಲ್ಲ ಗೊತ್ತು, ಐದು ಬಗೆ: ನಾಲ್ಕೂ ಲಘುಗಳು, ಮೊದಲು ಗುರು, ನಡುವೆ ಗುರು, ಕೊನೆಗೆ ಗುರು, ಇಲ್ಲವೆ ಎರಡೂ ಗುರುಗಳೇ. ಅವಳು ತಾನೇ ಬೆರಳಿನಿಂದ ತಟ್ಟಿ ಐದನ್ನೂ ಎಣಿಸಿದಳು. ಮೂರು ಮಾತ್ರೆಗೆ ಮೂರು ಎಂದಳು. ಐದು ಮಾತ್ರೆಗೆ ಎಂಟು ಬಂತು. ಅಲ್ಲಿಗೆ ಬೆರಳು ನಿಂತಿತು. ‘ತಾತ, ಇದು ಮೆಟ್ಟಿಲಿನ ಲೆಕ್ಕ ಅಲ್ಲವಾ?’

ಹೌದು, ಅದೇ ಲೆಕ್ಕ. ಒಂದು ಮೆಟ್ಟಿಲಿನ ಹೆಜ್ಜೆ ಲಘು, ಎರಡರ ಹೆಜ್ಜೆ ಗುರು. ಎರಡು, ಮೂರು, ಐದು, ಎಂಟು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುತ್ತದೆಂದು ಅವಳಿಗೆ ಕಂಡಿತು. ಹಾಗೆ ಬರುವುದೇಕೆ ಎಂದು ಮಾತ್ರ ನಾನು ಕೇಳಿದೆ. ರಾತ್ರಿ ಊಟವಾದ ಮೇಲೆ ಬಂದು ಹೇಳಿದಳು. ಹತ್ತನೆಯ ಮೆಟ್ಟಿಲಿಗೆ ಕೊನೆಯ ಹೆಜ್ಜೆ ಎಲ್ಲಿಂದ ಬರುತ್ತದೆ? ಒಂಬತ್ತನೆಯದರಿಂದ, ಇಲ್ಲವೆ ಎಂಟನೆಯದರಿಂದ. ಆದ್ದರಿಂದ ಒಂಬತ್ತಕ್ಕೆ ಇರುವ ವಿಧಗಳನ್ನೂ ಎಂಟಕ್ಕೆ ಇರುವ ವಿಧಗಳನ್ನೂ ಕೂಡಿದರೆ ಆಯಿತು. ಹಾಗೆಯೇ ಹದಿಮೂರು, ಇಪ್ಪತ್ತೊಂದು, ಮೂವತ್ತನಾಲ್ಕು, ಐವತ್ತೈದು, ಎಂಬತ್ತೊಂಬತ್ತು. ಹತ್ತು ಮೆಟ್ಟಿಲಿಗೆ 89 ವಿಧ. ಶನಿವಾರದಿಂದ ಬುಧವಾರದವರೆಗೆ ಅವಳು ತೆಗೆದುಕೊಂಡ ಸಮಯವನ್ನು ಸೆಕೆಂಡುಗಳಲ್ಲಿ ಹೇಳುವ ಗೋಜಿಗೆ ನಾನು ಹೋಗುವುದಿಲ್ಲ.

ಪಾಶ್ಚಾತ್ಯರು ಈ ಸಂಖ್ಯೆಗಳನ್ನು 1202ರಲ್ಲಿ ತನ್ನ ಗ್ರಂಥವನ್ನು ಬರೆದ ಇಟಲಿಯ ಫಿಬೊನಾಚಿಯ ಹೆಸರಿನಿಂದ ಕರೆಯುತ್ತಾರೆ. ಅದಕ್ಕೂ ಮುಂಚೆ ನಮ್ಮ ಛಂದಃಶಾಸ್ತ್ರಜ್ಞರು, ವಿರಹಾಂಕ, ಹನ್ನೆರಡನೆಯ ಶತಮಾನದ ಹೇಮಚಂದ್ರ ಮೊದಲಾದವರು, ಮಾತ್ರಾವೃತ್ತಗಳನ್ನು ಎಣಿಸುತ್ತಾ ಇದೇ ನಿಯಮವನ್ನು ಕಂಡುಕೊಂಡಿದ್ದರು. ಪದ್ಯದ ಲಯವನ್ನು ಹುಡುಕಿಕೊಂಡು ಹೋದವರಿಗೆ ಗಣಿತ ಸಿಕ್ಕಿತು. ಸಾಹಿತ್ಯದವರೂ ಗಣಿತದವರೂ ಒಂದೇ ಜಗಲಿಯಲ್ಲಿ ಕುಳಿತಿದ್ದ ಕಾಲ ಅದು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಪಂದ್ಯ ಬೇಡವೆನ್ನುತ್ತೀರಾ ಎಂದು ನೀವು ಕೇಳಬಹುದು. ನಾನೂ ಅಂದು ಹಾಗೆಯೇ ಅಂದುಕೊಂಡೆ. ಮೊಮ್ಮಗಳಿಗೆ ಉಪದೇಶ ಮಾಡಲೂ ಹೊರಟೆ: ಗೆಲುವು ಮುಖ್ಯವಲ್ಲ, ವೇಗ ಮುಖ್ಯವಲ್ಲ, ನಿಧಾನವಾಗಿ ಯೋಚಿಸುವುದೇ ಗಣಿತ ಎಂದು. ಅವಳು ಕೇಳಿಕೊಂಡು ಕಡೆಗೆ ಹೇಳಿದಳು, ‘ಆದರೆ ತಾತ, ಪಂದ್ಯಕ್ಕೆ ಹೋಗದಿದ್ದರೆ ನನಗೆ ಆ ಲೆಕ್ಕ ಸಿಗುತ್ತಲೇ ಇರಲಿಲ್ಲ. ಮುಂದಿನ ವರ್ಷ ಮತ್ತೆ ಹೋಗುತ್ತೇನೆ. ಬೇಗ ಮಾಡುವುದನ್ನೂ ಕಲಿಯುತ್ತೇನೆ.’ ನನ್ನ ಹಳೆಯ ತಪ್ಪಿನ ಭಾರವನ್ನು ಹನ್ನೆರಡು ವರ್ಷದ ಮಗುವಿನ ಹೆಗಲಿಗೆ ದಾಟಿಸಲು ಹೊರಟಿದ್ದೆನೆಂದು ಆಗ ಹೊಳೆಯಿತು. ಅವಳಿಗೆ ಪಂದ್ಯ ಇಷ್ಟ. ತಂಡದ ಸುತ್ತಿನಲ್ಲಿ ಮೂವರು ಗೆಳತಿಯರೊಡನೆ ತಲೆಗೆ ತಲೆ ತಾಗಿಸಿ ಕುಳಿತ ಇಪ್ಪತ್ತು ನಿಮಿಷಗಳನ್ನು ಅವಳು ವಾರವೆಲ್ಲ ವರ್ಣಿಸಿದಳು. ಲೆಕ್ಕವನ್ನು ಪ್ರೀತಿಸುವ ಮಗು ತನ್ನ ಶಾಲೆಯಲ್ಲಿ ಒಂಟಿಯಾಗಿರುವುದೇ ಹೆಚ್ಚು. ತನ್ನಂಥವರು ಇಷ್ಟು ಮಂದಿ ಇದ್ದಾರೆಂದು ಒಂದು ದಿನ ಕಣ್ಣಾರೆ ಕಾಣುವುದು ಸಣ್ಣ ಲಾಭವಲ್ಲ.

ಇರಾನಿನ ಮರ್ಯಮ್ ಮಿರ್ಜಾಖಾನಿಯವರ ಬಾಲ್ಯ ಇಲ್ಲಿ ನೆನಪಿಗೆ ಬರುತ್ತದೆ. ಮಾಧ್ಯಮಿಕ ಶಾಲೆಯ ಮೊದಲ ವರ್ಷದಲ್ಲಿ ಅವರ ಗಣಿತದ ಉಪಾಧ್ಯಾಯರಿಗೆ ಆ ಹುಡುಗಿಯಲ್ಲಿ ವಿಶೇಷವೇನೂ ಕಾಣಲಿಲ್ಲ. ಹುಡುಗಿಗೂ ತನ್ನ ಮೇಲಿನ ನಂಬಿಕೆ ಹೋಯಿತು. ಮರುವರ್ಷ ಬಂದ ಉಪಾಧ್ಯಾಯರು ಪ್ರೋತ್ಸಾಹ ಕೊಟ್ಟರು. 1994 ಮತ್ತು 1995ರ ಅಂತರರಾಷ್ಟ್ರೀಯ ಒಲಿಂಪಿಯಾಡುಗಳಲ್ಲಿ ಆಕೆ ಚಿನ್ನದ ಪದಕ ಪಡೆದರು. ಎರಡನೆಯ ಸಲ ಪೂರ್ಣಾಂಕ. 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. ಅಷ್ಟೆಲ್ಲ ಆದ ಮೇಲೂ, ತಾನು ನಿಧಾನವಾಗಿ ಯೋಚಿಸುವವಳೆಂದೇ ಆಕೆ ತನ್ನ ವಿಷಯದಲ್ಲಿ ಹೇಳಿಕೊಳ್ಳುತ್ತಿದ್ದರು. 2017ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ತೀರಿಕೊಂಡರು. ಪಂದ್ಯದಲ್ಲಿ ಗೆದ್ದವರೂ ನಿಧಾನಿಗಳಾಗಿರಬಹುದು. ಪಂದ್ಯದಲ್ಲಿ ಕಾಗದ ಒಪ್ಪಿಸದ ಪೋಲ್ಯನೂ ದೊಡ್ಡವನಾಗಬಹುದು. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ ಹಿರಿಯರೊಬ್ಬರು ಆಡಿದ ಒಂದು ಮಾತು ಮಗುವನ್ನು ಹೊಸ್ತಿಲ ಒಳಕ್ಕೂ ತರಬಹುದು, ಹೊರಕ್ಕೂ ತಳ್ಳಬಹುದು.

ಆದ್ದರಿಂದ ನನ್ನ ವಿನಂತಿ ಮಕ್ಕಳಿಗಲ್ಲ, ನಮ್ಮಂಥ ದೊಡ್ಡವರಿಗೆ. ಮಗು ಇಷ್ಟಪಟ್ಟರೆ ಪಂದ್ಯಕ್ಕೆ ಹೋಗಲಿ. ಹಿಂದಿರುಗಿದಾಗ ಅಂಕ ಎಷ್ಟೆಂದು ಕೇಳುವ ಮೊದಲು, ಯಾವ ಲೆಕ್ಕ ಬಿಡಿಸಲಾಗಲಿಲ್ಲವೆಂದು ಕೇಳಿ. ಆ ಲೆಕ್ಕವನ್ನು ಮನೆಗೆ ತನ್ನಿ. ಅದರ ಉತ್ತರ ನಿಮಗೆ ಗೊತ್ತಿದ್ದರೆ ಬಾಯಿ ಬಿಗಿಹಿಡಿದುಕೊಳ್ಳಿ. ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಜೊತೆಗೆ ಕುಳಿತುಕೊಳ್ಳಿ. ಗಂಟೆ ಹೊಡೆದ ಮೇಲೆ ಎದ್ದು ನಿಲ್ಲುವ ಮಗುವಿನ ಮಾತನ್ನು ಪೂರ್ತಿ ಕೇಳಿ ಆಮೇಲೆ ಬಾಗಿಲು ದಾಟಿ. ಅರವತ್ತನಾಲ್ಕರಲ್ಲಿ ಅರವತ್ತಮೂರು ತಂಡಗಳು ಮನೆಗೆ ಹೋಗಲೇಬೇಕೆಂಬುದು ಗಣಿತದ ನಿಯಮ. ಆ ಅರವತ್ತಮೂರೂ ಮರುವರ್ಷ ಆಡಲು ಬರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಮೊಮ್ಮಗಳು 2024ರ ಫೆಬ್ರವರಿಯಲ್ಲಿ, ಎಂಟನೆಯ ತರಗತಿಯಲ್ಲಿದ್ದಾಗ, ಮತ್ತೆ ಹೋದಳು. ಆ ಪಂದ್ಯಕ್ಕೆ ಅವಳಿಗೆ ಅದೇ ಕೊನೆಯ ಅವಕಾಶ. ಆ ರಾತ್ರಿ ದೂರವಾಣಿಯಲ್ಲಿ ನಾನು ಕೇಳುವ ಮೊದಲೇ ತನ್ನ ಅಂಕಗಳನ್ನು ಹೇಳಿದಳು. ಹಿಂದಿನ ವರ್ಷಕ್ಕಿಂತ ಹೆಚ್ಚಾಗಿತ್ತು, ಈ ಸಲವೂ ಸಾಲದಾಗಿತ್ತು. ಧ್ವನಿಯಲ್ಲಿ ಅಳು ಇರಲಿಲ್ಲ. ಯಾವ ಲೆಕ್ಕ ಬಿಡಿಸಲಾಗಲಿಲ್ಲವೆಂದು ಕೇಳಿದೆ. ಹೇಳಿದಳು. ಬರೆದುಕೊಂಡೆ. ನಾಲ್ಕು ದಿನಗಳ ನಂತರ ಅವಳಿಗೆ ಅದು ಬಿಡಿಸಿತಂತೆ, ‘ಹೇಳಲೇ ತಾತ?’ ಎಂದಳು. ಬೇಡವೆಂದೆ. ಆ ಹಾಳೆ ಈಗಲೂ ನನ್ನ ಮೇಜಿನ ಮೇಲಿದೆ.

(ಬಾನುಲಿಯಲ್ಲಿ ಮಾಡಿದ ಭಾಷಣ)